ಬೆಳೆಯೋ ಮೈಗೆ ಹೊಲಿದ ಅಂಗಿ

ಪ್ರಿಯ ಗೆಳೆಯಾ,

ನಿನ್ನ ಪತ್ರ ಸೋಮವಾರ ಸಿಕ್ಕಿತು. ರಾತ್ರಿ ಅಂಗಡಿ ಶಟರ್ ಅರ್ಧ ಎಳೆದು, ಮೆಷಿನ್ ಮುಂದೆಯೇ ಕೂತು ಎರಡು ಸಲ ಓದಿದೆ. ಫೋನ್ ಮಾಡೋಣ ಅನಿಸಿತು. ಆದರೆ ನೀನು ಕೇಳಿದ್ದು ಫೋನಲ್ಲಿ ಮುಗಿಯೋ ಮಾತಲ್ಲ.

ಈಸ್ಟರ್ ಭಾನುವಾರ ಹರಿಹರದ ಹತ್ತಿರ ತುಂಗಭದ್ರೆಯಲ್ಲಿ ನಿನಗೆ ದೀಕ್ಷಾಸ್ನಾನ ಆದಾಗ ದಡದಲ್ಲಿ ಟವೆಲ್ ಹಿಡಿದು ನಿಂತಿದ್ದವನು ನಾನು. ಬೇಸಿಗೆ, ಹೊಳೆಯಲ್ಲಿ ನೀರು ಕಡಿಮೆ. ಆಳ ಇರೋ ಜಾಗ ಹುಡುಕಿಕೊಂಡು ಪಾಸ್ಟರ್ ಸುಮಾರು ದೂರ ನಡೆದರು. ನೀನು ಮುಳುಗಿ ಎದ್ದಾಗಿನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದಾಗಿ ಹತ್ತೇ ದಿನಕ್ಕೆ, ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಕರೆಂಟ್ ಬಂದ ಹೊತ್ತಲ್ಲಿ, ಶೇಂಗಾಕ್ಕೆ ನೀರು ಬಿಡೋ ಪಾಳಿ ಯಾರದು ಅಂತ ಜಗಳ ಶುರುವಾಗಿ ನೀನು ತಮ್ಮನ ಮೇಲೆ ಕೈ ಎತ್ತಿದೆ. ಅವನು ಆಗ ಹೇಳಿದ್ದನ್ನು ನೀನು ಹಾಗೇ ಬರೆದಿದ್ದೀಯ: "ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಹೊಳೇಲಿ ಮುಳುಗಿದ್ರೆ ಹೋಗುತ್ತೇನಣ್ಣಾ?"

ಅದರ ಕೆಳಗೆ ನಿನ್ನ ಪ್ರಶ್ನೆ. ನನಗೆ ನಿಜವಾಗ್ಲೂ ಏನಾದರೂ ಆಯ್ತಾ, ಇಲ್ಲ ಸುಮ್ನೆ ಮೈ ಒದ್ದೆ ಮಾಡಿಕೊಂಡು ಬಂದೆನಾ?

ಆಯ್ತು ಕಣಪ್ಪಾ. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ.

ನಿನ್ನ ತಮ್ಮ ಹೇಳಿದ ಗಾದೆ ಸುಳ್ಳಲ್ಲ. ಹುಟ್ಟುಗುಣ ಅಷ್ಟು ಸುಲಭಕ್ಕೆ ಹೋಗಲ್ಲ. ಅದು ಯೇಸುಸ್ವಾಮಿಗೂ ಗೊತ್ತಿತ್ತು ಅಂತ ನನಗೆ ಅನಿಸುತ್ತದೆ. ರಾತ್ರಿ ಹೊತ್ತು ತನ್ನನ್ನು ಕಾಣೋಕೆ ಬಂದ ಯೆಹೂದ್ಯರ ಮುಖಂಡ ನಿಕೊದೇಮನಿಗೆ ಅವರು "ಗುಣ ತಿದ್ದಿಕೋ" ಅನ್ನಲಿಲ್ಲ. ಹೊಸದಾಗಿ ಹುಟ್ಟಬೇಕು ಅಂದರು. ಯೋಹಾನನ ಸುವಾರ್ತೆ 3ನೇ ಅಧ್ಯಾಯ, ಇನ್ನೊಂದು ಸಲ ಓದು. ಹುಟ್ಟುಗುಣ ಬದಲಾಗಬೇಕಾದರೆ ಇನ್ನೊಂದು ಹುಟ್ಟೇ ಬೇಕು ಅಂತ ಅಲ್ವಾ ಅದರ ಅರ್ಥ? ನಿನಗೆ ಆಗಿರೋದು ಅದು. ಆ ಹುಟ್ಟನ್ನು ದೇವರು ಕೊಟ್ಟರು. ನೀನು ಸಂಪಾದಿಸಿದ್ದಲ್ಲ, ಹಾಗಾಗಿ ಒಂದು ರಾತ್ರಿಯ ಜಗಳಕ್ಕೆ ಅದನ್ನು ಕಳೆದುಕೊಳ್ಳೋಕೂ ಆಗಲ್ಲ.

ಹಾಗಾದರೆ ಕೈ ಯಾಕೆ ಎತ್ತಿದೆ? ಅದಕ್ಕೆ ನನ್ನ ಕಥೆ ಹೇಳಬೇಕು. ನಿನಗೆ ಅದು ಅರ್ಧ ಮಾತ್ರ ಗೊತ್ತು.

ನಾನು ಹುಟ್ಟಿದ್ದೇ ಕ್ರೈಸ್ತರ ಮನೆಯಲ್ಲಿ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ಅಪ್ಪ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಮಿಲ್ ನಿಂತಿತು. ಅಪ್ಪ ಒಂದು ಹಳೇ ಹೊಲಿಗೆ ಮೆಷಿನ್ ಕೊಂಡು ತಂದರು. ನಾನು ಕೆಲಸ ಕಲಿತದ್ದು ಅದರ ಮೇಲೆ. ಭಾನುವಾರದ ಆರಾಧನೆ ತಪ್ಪಿಸಿದವನಲ್ಲ ನಾನು. ಆದರೆ ಸೋಮವಾರ ಅಂಗಡಿಯಲ್ಲಿ ಕೂರುತ್ತಿದ್ದವನು ಬೇರೆಯವನೇ. ಪ್ಯಾಂಟಿಗೆ 1.20 ಮೀಟರ್ ಸಾಕಾಗೋ ಕಡೆ 1.30 ತನ್ನಿ ಅನ್ನುತ್ತಿದ್ದೆ. ಮಿಕ್ಕ ತುಂಡು ಕಟಿಂಗ್ ಟೇಬಲ್ ಕೆಳಗಿನ ಚೀಲಕ್ಕೆ ಹೋಗುತ್ತಿತ್ತು. ಇನ್ನು ತಾರೀಖಿನ ಸುಳ್ಳು. ಕತ್ತರಿಯನ್ನೇ ಮುಟ್ಟಿಸದ ಬಟ್ಟೆಗೆ "ಎಲ್ಲಾ ಆಗಿದೆ ಸಾರ್, ಕಾಜ ಗುಂಡಿ ಒಂದೇ ಬಾಕಿ, ನಾಳೆ ಬನ್ನಿ" ಅನ್ನೋದು. ಎಷ್ಟು ಜನರನ್ನು ಹೀಗೆ ಬಿಸಿಲಲ್ಲಿ ಮೂರು ಮೂರು ಸಲ ಅಲೆಸಿದ್ದೇನೋ.

ಆರು ವರ್ಷದ ಹಿಂದೆ ಒಂದು ಮನೆ ಪ್ರಾರ್ಥನೆಯಲ್ಲಿ, ಯೇಸು ಸತ್ತದ್ದು ನನಗಾಗಿ ಅನ್ನೋದು ಮೊದಲ ಸಲ ನನ್ನನ್ನು ತಾಕಿತು. ಅದನ್ನು ಮುಂದೆ ಯಾವತ್ತಾದರೂ ಎದುರಿಗೆ ಕೂತು ಹೇಳುತ್ತೇನೆ. ಅದಾದ ಮೂರನೇ ವಾರ ಮಧ್ಯಾಹ್ನ ಊಟ ಮಾಡಿ ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯ ಓದುತ್ತಿದ್ದೆ. ಹಳೇ ಸ್ವಭಾವವನ್ನು ತೆಗೆದುಹಾಕಿ, ಹೊಸ ಸ್ವಭಾವವನ್ನು ಧರಿಸಿಕೊಳ್ಳಿ ಅಂತ ಅಪೊಸ್ತಲ ಪೌಲ ಬರೆಯುತ್ತಾನೆ. ಬಟ್ಟೆಯ ಮಾತು. ಅದರ ಬೆನ್ನಿಗೇ ಸುಳ್ಳು ಬಿಡಿ ಅನ್ನುತ್ತಾನೆ. ಆಮೇಲೆ ಕೋಪ. 28ನೇ ವಚನಕ್ಕೆ ಬಂದರೆ ಕಳ್ಳತನ. ಕದಿಯುತ್ತಿದ್ದವನು ಇನ್ನು ಕದಿಯದೆ ಕೈಯಾರೆ ದುಡಿಯಲಿ, ಇಲ್ಲದವರಿಗೆ ಕೊಡೋಕೆ ಅವನ ಹತ್ತಿರ ಏನಾದರೂ ಇರಲಿ ಅಂತ. ಒಬ್ಬ ಟೈಲರ್‌ನನ್ನು ಎದುರಿಗೆ ಕೂರಿಸಿಕೊಂಡು ಬರೆದ ಹಾಗಿತ್ತು. ನನ್ನ ಕಾಲು ಟೇಬಲ್ ಕೆಳಗಿನ ಚೀಲಕ್ಕೆ ತಾಗುತ್ತಾ ಇತ್ತು.

ಚೀಲ ಸುರಿದೆ. ಹೆಚ್ಚಿನ ತುಂಡು ಯಾರದು ಅಂತ ನೆನಪಿಲ್ಲ. ಒಂದು ಮಾತ್ರ ನೆನಪಿತ್ತು. ಮುಕ್ಕಾಲು ಮೀಟರ್ ನೀಲಿ ಯೂನಿಫಾರ್ಮ್ ಬಟ್ಟೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡೋ ಒಬ್ಬರು ತಾಯಿ ಇಬ್ಬರು ಗಂಡುಮಕ್ಕಳಿಗೆ ಹೊಲಿಸಿದ್ದು. ಬಟ್ಟೆ ಸಾಲಲ್ಲ ಅಂತ ನಾನು ಹೇಳಿದ್ದಕ್ಕೆ ಇನ್ನರ್ಧ ಮೀಟರ್ ಕೊಂಡು ತಂದಿದ್ದರು. ಅದನ್ನೂ ಮಡಚಿಕೊಂಡು, ಅರ್ಧ ಮೀಟರಿನ ದುಡ್ಡನ್ನೂ ಜೇಬಿಗೆ ಹಾಕಿಕೊಂಡು ಭಟ್ಟಿಗೆ ಹೋದೆ. ಆ ಬಿಸಿ ನಿನಗೆ ಗೊತ್ತಲ್ಲ. ಕಾದ ಮರಳಿಗೆ ಅಕ್ಕಿ ಬಿದ್ದು ಚಟಪಟ ಅಂತ ಅರಳುತ್ತಿತ್ತು. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಆಚೆ ಬಂದರು. ಬಟ್ಟೆ ಕೊಟ್ಟೆ, ದುಡ್ಡು ಕೊಟ್ಟೆ, ನಡೆದದ್ದು ಹೇಳಿದೆ. ಅವರು ಬೈಯಲಿಲ್ಲ.

"ಎಲ್ಲಾ ಟೈಲರ್‌ಗಳೂ ಇಟ್ಕೋತಾರೆ ಬಿಡಿ. ನೀವ್ಯಾಕೆ ತಂದ್ರಿ?"

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಇದು ನಿಮ್ಮದಮ್ಮಾ" ಅಂದೆ, ಅಷ್ಟೇ.

ಅವರು ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದರು. ಮೊಳ ಹಾಕಿ ನೋಡಿದರು. "ಚಿಕ್ಕವನಿಗೆ ಒಂದು ಚಡ್ಡಿ ಆಗುತ್ತೆ, ಹೊಲಿದುಕೊಡಿ" ಅಂತ ಮತ್ತೆ ನನ್ನ ಕೈಗೇ ಕೊಟ್ಟರು. ಆ ತುಂಡನ್ನು ಹಿಡಿದುಕೊಂಡು ಅಂಗಡಿಗೆ ವಾಪಸ್ ಬರುವಾಗ ನಾನು ಅತ್ತೆ ಗೆಳೆಯಾ. ಯಾರೂ ನನಗೆ ಅಷ್ಟು ಬೆಲೆಯ ಬಟ್ಟೆ ಕೊಟ್ಟಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ, ದೇವರು ನನ್ನನ್ನು ಹೇಗೆ ಬದಲಾಯಿಸಿದರು ಅಂತ ಚರ್ಚಿನಲ್ಲಿ ಹೇಳೋ ಒಳ್ಳೇ ಸಾಕ್ಷಿ ಆಗುತ್ತದೆ. ಸಭೆಯಲ್ಲಿ ನಾನು ಇಲ್ಲಿಗೇ ನಿಲ್ಲಿಸಿದ್ದೆ ಕೂಡ. ನಿನಗೆ ಬೇಕಾಗಿರೋದು ಇದರ ಮುಂದಿನದು.

ಹೋದ ವರ್ಷ ರಂಜಾನ್ ಸೀಸನ್. ಕೈತುಂಬ ಕೆಲಸ. ಹಳೇ ಊರಿನ ಕಡೆಯ ಒಬ್ಬರು ಹಿರಿಯರು ಮೊಮ್ಮಗನ ಪೈಜಾಮ ಜುಬ್ಬಾಕ್ಕೆ ಕೊಟ್ಟಿದ್ದರು. ಹಬ್ಬಕ್ಕೆ ನಾಲ್ಕು ದಿನ ಮುಂಚೆ ಕೇಳೋಕೆ ಬಂದರು. ನನ್ನ ಬಾಯಿಂದ ಬಂದದ್ದು ಅದೇ ಹಳೇ ಮಾತು. ಕಾಜ ಗುಂಡಿ ಒಂದೇ ಬಾಕಿ ಚಾಚಾ. ಬಟ್ಟೆ ಕತ್ತರಿಸಿಯೇ ಇರಲಿಲ್ಲ. ನೆನೆಸಿಕೊಂಡು ಹೇಳಿದ್ದಲ್ಲ, ತಾನೇ ಬಂತು. ಐದು ವರ್ಷ ಪ್ರಾರ್ಥನೆ ಮಾಡಿದ ಬಾಯಿ ಅದು. ಹಬ್ಬದ ಹಿಂದಿನ ರಾತ್ರಿ ಹತ್ತಕ್ಕೆ ಅವರು ಬಂದಾಗಲೂ ಆಗಿರಲಿಲ್ಲ. ಏನೂ ಅನ್ನದೆ ಹೋದರು. ರಾತ್ರಿಯೆಲ್ಲ ಕೂತು ಹೊಲಿದು, ಬೆಳಗ್ಗೆ ಆರೂವರೆಗೆ ಅವರ ಮನೆ ಬಾಗಿಲಿಗೆ ಹೋದೆ. ಮಗು ಹಳೇ ಅಂಗಿ ಹಾಕಿಕೊಂಡು ತಯಾರಾಗಿ ನಿಂತಿತ್ತು. ನಾನು ಸುಳ್ಳು ಹೇಳಿದ್ದೆ ಚಾಚಾ, ಅವತ್ತು ಬಟ್ಟೆ ಕತ್ತರಿಸಿಯೇ ಇರಲಿಲ್ಲ ಅಂದೆ. "ಗೊತ್ತಿತ್ತು" ಅಂದರು. ಅಷ್ಟು ಅಂದು ಮಗುವಿಗೆ ಜುಬ್ಬಾ ಹಾಕಿ ನಮಾಜಿಗೆ ಕರೆದುಕೊಂಡು ಹೋದರು. ಆಮೇಲೆ ಅವರು ನನ್ನ ಅಂಗಡಿಗೆ ಬಂದಿಲ್ಲ.

ಆಗ ನನಗೂ ನಿನ್ನ ಪ್ರಶ್ನೆಯೇ. ಹೊಸ ಮನುಷ್ಯ ಎಲ್ಲಿ ಹೋದ? ಪಾಸ್ಟರ್ ಹತ್ತಿರ ಹೋಗಿ ನಾನು ಕ್ರೈಸ್ತನೇ ಅಲ್ಲವೇನೋ ಅಂದೆ. ಅವರು ಕೊರಿಂಥದವರಿಗೆ ಬರೆದ ಪತ್ರಗಳನ್ನು ಮೊದಲಿಂದ ಕೊನೆವರೆಗೆ ಓದಿ ಬಾ ಅಂದರು. ಓದಿದೆ. ಯಾರಾದರೂ ಕ್ರಿಸ್ತನಲ್ಲಿದ್ದರೆ ಅವನು ನೂತನ ಸೃಷ್ಟಿ ಅನ್ನೋ ಮಾತು ನಮಗೆಲ್ಲ ಬಾಯಿಪಾಠ. ಅದು ಯಾರಿಗೆ ಬರೆದದ್ದು ಅಂತ ನಾನು ಯೋಚನೆ ಮಾಡಿರಲಿಲ್ಲ. ಆ ಕೊರಿಂಥದ ಸಭೆಯವರು ಒಬ್ಬರ ಮೇಲೊಬ್ಬರು ಕೋರ್ಟಿಗೆ ಹೋಗಿದ್ದರು. ಯೇಸುವಿನ ನೆನಪಿಗೆ ಒಟ್ಟಿಗೆ ಮಾಡೋ ಕರ್ತನ ಭೋಜನಕ್ಕೆ ಸೇರಿದಾಗ ಇದ್ದವರು ಹೊಟ್ಟೆ ತುಂಬ ಉಂಡು, ಇಲ್ಲದವರನ್ನು ಹಸಿದುಕೊಂಡೇ ಇರಲು ಬಿಡುತ್ತಿದ್ದರು. ಪೌಲ ಅವರನ್ನು ಚೆನ್ನಾಗಿ ಗದರಿಸುತ್ತಾನೆ. ಆದರೆ ಮೊದಲ ಪತ್ರದ ಶುರುವಿನಲ್ಲೇ ಅವರನ್ನು ಕ್ರಿಸ್ತನಲ್ಲಿ ಪವಿತ್ರರಾದವರು ಅಂತ ಕರೆಯುತ್ತಾನೆ. ಕೋರ್ಟಿನ ಜಗಳ ಬಿಡಿಸಿದ ಮೇಲೆ ಆ ಹೆಸರು ಕೊಡುತ್ತೇನೆ ಅನ್ನಲಿಲ್ಲ. ಹೆಸರು ಮೊದಲು ಕೊಟ್ಟು, ನೀವು ಇಂಥವರಾಗಿದ್ದೂ ಹೀಗಾ ಮಾಡೋದು ಅಂತ ಕೇಳುತ್ತಾನೆ.

ಅಂದಹಾಗೆ, ಪೌಲ ಆ ಊರಿನಲ್ಲಿ ಒಂದೂವರೆ ವರ್ಷ ಇದ್ದ. ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಕೂತು ಗುಡಾರ ಮಾಡೋ ಕೆಲಸ ಮಾಡುತ್ತಿದ್ದ. ಅಪೊಸ್ತಲರ ಕೃತ್ಯಗಳು 18ರಲ್ಲಿದೆ. ನನ್ನ ಕಸುಬಿಗೆ ಹತ್ತಿರದವನು ಅಂತ ನನಗೆ ಅವನ ಮೇಲೆ ಪ್ರೀತಿ ಜಾಸ್ತಿ.

ಇನ್ನೊಂದು ಬಟ್ಟೆಯ ಕಥೆ. ಲೂಕ 15ರಲ್ಲಿ ಆಸ್ತಿಯೆಲ್ಲ ಕಳೆದು ಮನೆಗೆ ಬರೋ ಮಗ. ನನ್ನನ್ನು ಕೂಲಿಯವನ ಹಾಗೆ ಇಟ್ಟುಕೋ ಅಂತ ಹೇಳಬೇಕು ಅಂತ ಅವನು ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದ. ಅಪ್ಪ ಆ ಮಾತು ಪೂರ್ತಿ ಆಡೋಕೂ ಬಿಡಲಿಲ್ಲ. ಬೇಗ ಹೋಗಿ ಮನೆಯಲ್ಲಿರೋ ಒಳ್ಳೇ ನಿಲುವಂಗಿ ತಂದು ಇವನಿಗೆ ತೊಡಿಸಿ ಅಂದ. ನಾನು ಟೈಲರ್, ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಅಳತೆ ತೆಗೆಯಲಿಲ್ಲ. ಬರಗಾಲದ ದೇಶದಲ್ಲಿ ಹಂದಿ ಮೇಯಿಸಿ, ಹೊಟ್ಟೆಗಿಲ್ಲದೆ ಸೊರಗಿ ಬಂದ ಮೈ ಅದು. ಆ ಅಂಗಿ ಅವತ್ತು ಖಂಡಿತ ದೊಗಲೆ ಆಗಿರಬೇಕು. ಭುಜ ಜಾರಿರಬೇಕು, ತೋಳು ಬೆರಳು ಮುಚ್ಚಿರಬೇಕು. ಅಂಗಿ ದೊಗಲೆ ಅಂತ ಅವನು ಮಗ ಅಲ್ಲ ಅಂತ ಆಗುತ್ತದಾ?

ಈಗ ನನ್ನ ಟೇಬಲ್ ಮೇಲೆ ಯೂನಿಫಾರ್ಮ್ ರಾಶಿ ಬಿದ್ದಿದೆ. ಬರೋ ತಾಯಂದಿರೆಲ್ಲ ಹೇಳೋದು ಒಂದೇ ಮಾತು: "ಬೆಳೆಯೋ ಹುಡುಗ, ಸ್ವಲ್ಪ ದೊಡ್ಡದೇ ಇಡಿ." ನಾನು ಅಳತೆಗಿಂತ ಉದ್ದ ಕತ್ತರಿಸಿ, ಕೆಳಗೆ ಎರಡು ಇಂಚು ಒಳಗೆ ಮಡಚಿ ಹೊಲಿಯುತ್ತೇನೆ. ಮುಂದಿನ ವರ್ಷ ಆ ಹೊಲಿಗೆ ಬಿಚ್ಚಿ ಇಳಿಸಿಕೊಡುತ್ತೇನೆ. ಹುಡುಗ ಶಾಲೆಗೆ ಸೇರಿ ಆಗಿದೆ, ರಿಜಿಸ್ಟರಿನಲ್ಲಿ ಹೆಸರು ಬಂದಿದೆ. ಬಟ್ಟೆಯೂ ಅವನದೇ. ಮೈ ತುಂಬಿಕೊಳ್ಳೋದಷ್ಟೇ ಬಾಕಿ. ನನಗೂ ನಿನಗೂ ಕ್ರಿಸ್ತನನ್ನು ಹಾಗೇ ತೊಡಿಸಿದ್ದಾರೆ ಅಂತ ನಾನು ಪೂರ್ತಿ ನಂಬಿದ್ದೇನೆ. ರಂಜಾನ್ ದಿನ ಬೆಳಗ್ಗೆ ನನ್ನ ಮೈಗೆ ಅದು ತುಂಬಾ ದೊಗಲೆ ಇತ್ತು. ಹಾಗಂತ ಬಿಚ್ಚಿಟ್ಟು ಮನೆಯಲ್ಲಿ ಕೂರಲಿಲ್ಲ. ಅದನ್ನು ತೊಟ್ಟುಕೊಂಡೇ ಆ ಬಾಗಿಲಿಗೆ ಹೋದೆ. ಮುಂಚಿನ ನಾನು ಹೋಗುತ್ತಿರಲಿಲ್ಲ.

ಹಿಂದಿನ ಕಾಲದ ಸಭೆಗಳಲ್ಲಿ, 4ನೇ ಶತಮಾನದ ಹೊತ್ತಿಗೆ, ಈಸ್ಟರಿಗೆ ದೀಕ್ಷಾಸ್ನಾನ ತೆಗೆದುಕೊಂಡವರಿಗೆ ಬಿಳಿ ಬಟ್ಟೆ ತೊಡಿಸುತ್ತಿದ್ದರಂತೆ. ಒಂದು ವಾರ ಅದನ್ನೇ ತೊಟ್ಟಿರುತ್ತಿದ್ದರು. ಆಮೇಲೆ ಬಿಚ್ಚಿಟ್ಟು, ದಿನದ ಬಟ್ಟೆ ಹಾಕಿಕೊಂಡು ತಮ್ಮ ತಮ್ಮ ಕೆಲಸಕ್ಕೆ ಹೋಗಬೇಕು. ಹೊಲಕ್ಕೆ, ಅಂಗಡಿಗೆ, ಅಣ್ಣತಮ್ಮಂದಿರ ನಡುವೆ. ನಿನಗೂ ಹೆಚ್ಚು ಕಡಿಮೆ ಆ ಹೊತ್ತಿಗೇ ಪರೀಕ್ಷೆ ಬಂತು ನೋಡು.

ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಪೌಲ ತೊಡಬೇಕಾದ ಬಟ್ಟೆಗಳನ್ನು ಒಂದೊಂದಾಗಿ ಹೇಳುತ್ತಾನೆ. ಕನಿಕರ, ದಯೆ, ದೀನತೆ, ಸೌಮ್ಯ, ತಾಳ್ಮೆ. ಎಲ್ಲದರ ಮೇಲೆ ಪ್ರೀತಿ. ಈ ಸಲ ಓದುವಾಗ ನನಗೆ ಒಂದು ಹೊಳೆಯಿತು. ಇದರಲ್ಲಿ ಒಂದನ್ನೂ ಒಬ್ಬನೇ ಕೋಣೆಯಲ್ಲಿ ಕೂತು ತೊಡೋಕೆ ಆಗಲ್ಲ. ಎದುರಿಗೆ ಇನ್ನೊಬ್ಬ ಮನುಷ್ಯ ಬೇಕು. ತಾಳ್ಮೆ ತೊಡಬೇಕಾದರೆ ಪಾಳಿ ತಪ್ಪಿಸೋ ತಮ್ಮನೇ ಬೇಕು. ನೀನು ಉಪವಾಸ ಮಾಡಿ ಪ್ರಾರ್ಥಿಸುತ್ತಿದ್ದೇನೆ ಅಂತ ಬರೆದಿದ್ದೀಯ. ಮಾಡು, ಒಳ್ಳೇದು. ಆದರೆ ಆ ರಾತ್ರಿಯಿಂದ ತಮ್ಮನ ಜೊತೆ ಮಾತಿಲ್ಲ ಅಂತಲೂ ಬರೆದಿದ್ದೀಯ. ಮೊದಲು ಅವನ ಹತ್ತಿರ ಹೋಗು. ಉಪದೇಶ ಬೇಡ, ಯೇಸುವಿನ ಹೆಸರು ಹೇಳಿ ಮಾತು ಶುರು ಮಾಡೋದೂ ಬೇಡ. ಕೈ ಎತ್ತಿದ್ದು ತಪ್ಪಾಯ್ತು ಕಣೋ ಅನ್ನು. ಅವನು ಗೊತ್ತಿತ್ತು ಅಂತ ಎದ್ದು ಹೋಗಬಹುದು. ಹೋಗಲಿ. ಈ ವಾರ ನಿನ್ನ ಪಾಳಿಯಲ್ಲಿ ಒಂದು ಗಂಟೆ ಅವನ ಕಡೆ ವಾಲ್ವ್ ತಿರುಗಿಸು. ಬೆಳೆ ಕೀಳೋ ಮುಂಚೆ ಕೊನೇ ನೀರು ಅವನಿಗೂ ಬೇಕಲ್ಲ.

ಆ ಚಾಚಾ ಮನೆಗೆ ನಾನೂ ಇನ್ನೊಮ್ಮೆ ಹೋಗಬೇಕು ಅಂದುಕೊಂಡಿದ್ದೇನೆ. ಬಟ್ಟೆ ಕೊಡಿ ಅಂತ ಕೇಳೋಕಲ್ಲ. ನನಗಾಗಿ ಪ್ರಾರ್ಥನೆ ಮಾಡು.

ಮಕ್ಕಳ ಯೂನಿಫಾರ್ಮಿಗೆ ಇದೇ 20ನೇ ತಾರೀಖಿನ ಒಳಗೆ ಬಾ. ನಿನ್ನ ಮಗಳದ್ದು ತರುವಾಗ ತಮ್ಮನ ಮಗನ ಬಟ್ಟೆಯನ್ನೂ ಕೇಳಿ ತೆಗೆದುಕೊಂಡು ಬಾ. ಇಬ್ಬರಿಗೂ ಎರಡಿಂಚು ಒಳಗೆ ಬಿಟ್ಟು ಹೊಲಿಯುತ್ತೇನೆ. 29ಕ್ಕೆ ಸಿಗುತ್ತದೆ, ನೋಟ್‌ಬುಕ್ಕಿನಲ್ಲಿ ಈಗಲೇ ಬರೆದುಕೊಂಡಿದ್ದೇನೆ.

ನಿನ್ನ ಗೆಳೆಯ,
ದಾವಣಗೆರೆಯಿಂದ