ಹಳೇ ಸ್ಟೀರಿಯೋ ಕೊಳ್ಳುವ ಮುಂಚೆ ಹಿಂಬದಿ ನೋಡಿ

ಸಂಪಾದಕರೇ,

ಹೋದ ತಿಂಗಳು ಮುಂಬಯಿಯ ಹಳೇ ಸಾಮಾನಿನ ಚೋರ್ ಬಜಾರಿನಲ್ಲಿ ಚೌಕಾಸಿ ಮಾಡಿ ಜಪಾನಿನ ಹಳೇ ಆಂಪ್ಲಿಫೈಯರ್ ಒಂದನ್ನು ತಂದೆ. ಅದರ ಹಿಂದೆ ಸಣ್ಣ ಅಕ್ಷರದಲ್ಲಿ '100 ವೋಲ್ಟ್' ಎಂದಿತ್ತು. ಅಂಗಡಿಯವರು ಹೇಳಲಿಲ್ಲ, ನಾನೂ ಕನ್ನಡಕ ಒಯ್ದಿರಲಿಲ್ಲ. ಮನೆಯ 230 ವೋಲ್ಟಿಗೆ ಸಿಕ್ಕಿಸಿದ್ದೇ ತಡ, ಫ್ಯೂಸ್ ಡಬ್ ಅಂತು! ಮನೆ ತುಂಬಾ ಸುಟ್ಟ ವಾಸನೆ. ಎಲೆಕ್ಟ್ರಾನಿಕ್ ಸಾಮಾನು ಸಿಗುವ ಲ್ಯಾಮಿಂಗ್ಟನ್ ರಸ್ತೆಯಿಂದ, 230 ವೋಲ್ಟನ್ನು 100ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದು, ಹೊಸ ಫ್ಯೂಸ್ ಹಾಕಿದೆ. ಪುಣ್ಯಕ್ಕೆ ಬದುಕಿತು.

ಆಮೇಲೂ ತಬಲಾದ ಎಡಗೈ ಪೆಟ್ಟು ಕೇಳಿಸಲೇ ಇಲ್ಲ. ಸ್ಪೀಕರ್ ಹಾಳು ಅಂತ ಸುಮ್ನೆ ಬೈದೆ. ನೋಡಿದರೆ ಒಂದು ಸ್ಪೀಕರಿನ ಕೆಂಪು, ಕಪ್ಪು ವೈರು ಅದಲುಬದಲಾಗಿತ್ತು. ಒಂದರ ಕೋನ್ (ಅಲುಗಾಡಿ ಸದ್ದು ಹೊರಡಿಸುವ ಶಂಕುವಿನಾಕಾರದ ಭಾಗ) ಮುಂದೆ ಬಂದಾಗ ಇನ್ನೊಂದರದ್ದು ಹಿಂದೆ ಹೋಗಿ, ದಪ್ಪ ಸದ್ದನ್ನು ಒಂದನ್ನೊಂದು ನುಂಗುತ್ತಿದ್ದವು. ವಾಲ್ಯೂಮ್ ತಿರುಗಿಸಿದಾಗಿನ ಕರಕರ ಕಾಂಟ್ಯಾಕ್ಟ್ ಕ್ಲೀನರ್ ಎಂಬ ಒಳಗಿನ ಕೊಳೆ ತೆಗೆಯುವ ಸ್ಪ್ರೇಗೆ ಬಗ್ಗಿತು. ಕೋನ್ ಸುತ್ತಲಿನ ಫೋಮನ್ನು ಮಾತ್ರ ಅಂಗಡಿಯಲ್ಲೇ ಮೆಲ್ಲಗೆ ಮುಟ್ಟಿ ನೋಡಿ. ಮುಂಬಯಿಯ ತೇವಕ್ಕೆ ಅದು ಬೆರಳಿಗೆ ಪುಡಿಪುಡಿಯಾಗಿ ಬರುವುದೇ ಜಾಸ್ತಿ.

ಮಾರುವವರೇ, ಇಷ್ಟು ವೋಲ್ಟ್ ಅಂತ ಒಂದು ಚೀಟಿ ಅಂಟಿಸಿದರೆ ನಿಮ್ಮ ಗಂಟೇನು ಹೋಗುತ್ತೆ?

— ಓದುಗ, ಡೊಂಬಿವಲಿ