ಕಪ್ಪು ಕೊನೆಗೆ ಬರುತ್ತದೆ: ಮಗಳಿಗೊಂದು ಪತ್ರ

ಕಲಬುರಗಿ
ಶನಿವಾರ ರಾತ್ರಿ

ಅವ್ವಾ,

ನಿನ್ನ ಮೆಚ್ಚಿನ ನಿರ್ದೇಶಕರ ಹೊಸ ಪಿಕ್ಚರ್ ಇಲ್ಲಿಗೂ ಬಂತು. ನೀನು ಬೆಂಗಳೂರಲ್ಲಿ ಮುಂದಿನ ವಾರ ನೋಡುವವಳು, ಹಾಗಾಗಿ ಕಥೆ ಹೇಳಿ ರುಚಿ ಕೆಡಿಸುವುದಿಲ್ಲ. ಟ್ರೇಲರ್‌ನಲ್ಲಿ ಇರುವಷ್ಟೇ ಹೇಳುತ್ತೇನೆ: 1947ರ ಆಗಸ್ಟ್ 15ಕ್ಕೆ ಶುರುವಾಗಿ 1948ರ ಸೆಪ್ಟೆಂಬರ್ 17ಕ್ಕೆ ಮುಗಿಯುವ 13 ತಿಂಗಳು, ಬೀದರಿನಲ್ಲಿ ಬಿದರಿ ಕೆಲಸದವರ ಒಂದು ಮನೆ. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ನಿಜಾಮನ ಸಂಸ್ಥಾನದ ನಮ್ಮ ಕಡೆ ಬರದೆ ಉಳಿದ ಆ 13 ತಿಂಗಳು.

ಹಳೆಯ ಕಾಲದ ಪಿಕ್ಚರ್ ನೋಡುವಾಗ ತಪ್ಪು ಹುಡುಕುತ್ತ ಕೂರುವವರಿದ್ದಾರೆ. ಕೂರಲಿ. ಆದರೆ ತಪ್ಪಿನಲ್ಲೂ ಭೇದವಿದೆ. ಅಂಗಿಯ ಗುಂಡಿ ಬೇರೆ ಕಾಲದ್ದಾದರೆ ನನಗೇನೂ ಅನಿಸುವುದಿಲ್ಲ. ಕೆಲಸ ಮಾಡುವ ಕೈ ತಪ್ಪಿದರೆ ಮಾತ್ರ ಇಡೀ ಮನೆಯೇ ಸುಳ್ಳಾಗಿಬಿಡುತ್ತದೆ. ಈ ಪಿಕ್ಚರ್‌ನಲ್ಲಿ ಕೈ ತಪ್ಪಿಲ್ಲ. ಅದಕ್ಕೇ ಈ ಪತ್ರ. ಕೆಲವು ಸಂಗತಿ ಮೊದಲೇ ಗೊತ್ತಿದ್ದರೆ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತದೆ.

ಇಂಟರ್ವಲ್‌ಗೆ ಮುಂಚೆ ಒಂದು ಹೂಜಿ ತಯಾರಾಗುವ ದೃಶ್ಯ ಬರುತ್ತದೆ. ಮಾತಿಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಹಾಲ್‌ನಲ್ಲಿ ಕೆಲವರು ಮೊಬೈಲ್ ತೆಗೆದರು. ನೀನು ತೆಗೆಯಬೇಡ. ಬಿದರಿ ಅಂದರೆ ಕರಿ ಲೋಹದ ಮೇಲೆ ಬೆಳ್ಳಿ ಕೂರಿಸುವುದು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಲೋಹ ಕರಿಯದ್ದೇ ಅಲ್ಲ. ಹೆಚ್ಚುಕಡಿಮೆ 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿ ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದಾಗ ಬರುವ ಪಾತ್ರೆ ಬೂದು ಬಣ್ಣದ್ದು, ನೋಡಲು ತಗಡಿನ ಡಬ್ಬಿಯಷ್ಟೇ ಸಪ್ಪೆ. ಸತುವು 420 ಡಿಗ್ರಿಗೇ ಕರಗುವುದರಿಂದ ಮನೆಯ ಮೂಲೆಯ ಸಣ್ಣ ಒಲೆ ಸಾಕು. ಪಿಕ್ಚರ್‌ನಲ್ಲಿ ಒಲೆ ಇಷ್ಟು ಚಿಕ್ಕದೇ ಅನ್ನಿಸಿದರೆ, ಅದು ಸರಿಯಾಗಿಯೇ ಇದೆ. ಆ ಬಿಳಿ ಹೊಗೆ ಸತುವಿನದು. ಎರಕ ಹೊಯ್ಯುವವನು ಮುಖ ತಿರುಗಿಸಿಕೊಳ್ಳುವುದು ನಾಚಿಕೆಗಲ್ಲ, ಹೊಗೆಗೆ.

ಮುಂದೆ ಪಾತ್ರೆಗೆ ಕಾನಸು ಹಾಕಿ ನುಣುಪು ಮಾಡಿ, ಮೈಲುತುತ್ತದ ನೀರು ಸವರುತ್ತಾರೆ. ಮೈ ತೆಳ್ಳಗೆ ಕಪ್ಪಾಗುತ್ತದೆ. ಇದು ತಾತ್ಕಾಲಿಕದ ಕಪ್ಪು. ಕೆತ್ತಿದ ಗೆರೆ ಬೆಳ್ಳಗೆ ಎದ್ದು ಕಾಣಲಿ ಅಂತ ಹಾಕಿದ್ದು, ಸ್ಲೇಟಿನ ಮೇಲೆ ಬಳಪದಲ್ಲಿ ಬರೆದ ಹಾಗೆ. ‘ಕಪ್ಪು ಮೊದಲೇ ಬಂತಲ್ಲ, ನಿರ್ದೇಶಕರು ತಪ್ಪಿದರು’ ಅಂತ ಪಕ್ಕದವರು ಹೇಳಿದರೆ ನಂಬಬೇಡ. ಅರಗಿನಲ್ಲಿ ಅಂಟಿಸಿ ಕೂರಿಸಿದ ಪಾತ್ರೆಯ ಮೇಲೆ ನಕಾಶೆ ಕಾಗದವಿಲ್ಲದೆ ನೇರ ಉಳಿಯಿಂದಲೇ ಬಳ್ಳಿ ಎಳೆಯುತ್ತಾರೆ. ಗೀರು ಆಳ ಸಾಲದಿದ್ದರೆ ಅದರಲ್ಲಿ ಬಡಿದು ಕೂರಿಸಿದ ಬೆಳ್ಳಿ ತಂತಿ ಮುಂದೆ ತಿಕ್ಕುವಾಗ ಎದ್ದು ಬರುತ್ತದೆ. ಮಗ ಕೆತ್ತಿದ ಎಲೆಯೊಂದನ್ನು ಅಪ್ಪ ಉಗುರಿನಿಂದ ಎಬ್ಬಿಸಿ, ತುಟಿ ಪಿಟಕ್ ಅನ್ನದೆ ವಾಪಸ್ ಕೊಡುತ್ತಾನೆ. ಆ ಜಾಗದಲ್ಲಿ ನಾಲ್ಕು ಡೈಲಾಗ್ ಬರೆದಿದ್ದರೆ ದೃಶ್ಯ ಕೆಡುತ್ತಿತ್ತು.

ಬೆಳ್ಳಿ ಕೂತ ಮೇಲೆ ಪಾತ್ರೆಯನ್ನೆಲ್ಲ ತಿಕ್ಕುತ್ತಾರೆ, ಆ ಹುಸಿ ಕಪ್ಪು ಹೋಗಿಬಿಡುತ್ತದೆ. ಈಗ ಬೂದು ಲೋಹ, ಬಿಳಿ ಬೆಳ್ಳಿ, ಎರಡೂ ಒಂದರಲ್ಲೊಂದು ಕಲೆತು ಬಳ್ಳಿಯೇ ಕಾಣುವುದಿಲ್ಲ. ಆಮೇಲೆ ಬರುತ್ತದೆ ಬೀದರ್ ಕೋಟೆಯ ಮಣ್ಣು. ಬಿಸಿಲು ಮಳೆ ಬೀಳದ ಹಳೆ ಗೋಡೆಗಳ ಒಳಗಿನ ಮಣ್ಣು. ನಾಲಿಗೆಗೆ ಹಚ್ಚಿ ಪರೀಕ್ಷೆ ಮಾಡುವವರಿದ್ದಾರೆ, ಪಿಕ್ಚರ್‌ನಲ್ಲಿ ಮುದುಕ ಹಾಗೇ ಮಾಡುತ್ತಾನೆ. ಮಣ್ಣಿಗೆ ನವಸಾಗರ ಅನ್ನುವ ಉಪ್ಪು, ನೀರು ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ಉಜ್ಜಿದರೆ ಲೋಹ ಮಾತ್ರ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿಯನ್ನು ಆ ಮಣ್ಣು ಮುಟ್ಟುವುದಿಲ್ಲ. ಇಷ್ಟು ಹೊತ್ತು ಕಾಣದಿದ್ದ ಬಳ್ಳಿ ಒಮ್ಮೆಲೇ ಮೇಲೆ ಬರುತ್ತದೆ. ಕೊನೆಗೆ ಎಣ್ಣೆ ಒರೆಸುತ್ತಾರೆ, ಕಪ್ಪು ಇನ್ನೂ ಗಾಢವಾಗುತ್ತದೆ. ಕಥೆಯನ್ನೂ ನಿರ್ದೇಶಕರು ಇದೇ ಕ್ರಮದಲ್ಲಿ ಕಟ್ಟಿದ್ದಾರೆ ಅಂತ ನನಗನಿಸಿತು. ನಿನಗೆ ಅನಿಸುತ್ತದೋ ನೋಡು.

ಬೆಳಕಿನ ಮಾತು. ರಾತ್ರಿಯ ದೃಶ್ಯಗಳಲ್ಲಿ ಕಂದೀಲು ಅಲುಗಾಡುವುದಿಲ್ಲ. ಗಾಜಿನ ಬುರುಡೆಯೊಳಗಿನ ಉರಿ ಸುಮ್ಮನೆ ನಿಂತು ಉರಿಯುತ್ತದೆ, ಗಾಳಿಗೆ ತೂಗಾಡುವುದು ಗಾಜಿಲ್ಲದ ಚಿಮಣಿ ದೀಪ. ಸಾಮಾನ್ಯವಾಗಿ ಪಿಕ್ಚರ್‌ನವರು ‘ಹಳೆ ಕಾಲ’ ಅಂದಕೂಡಲೇ ಎಲ್ಲ ದೀಪವನ್ನೂ ಮಿಣುಕಿಸುತ್ತಾರೆ. ಇಲ್ಲಿ ಅಡುಗೆಮನೆಯ ಚಿಮಣಿ ಕುಣಿಯುತ್ತದೆ, ಪಡಸಾಲೆಯ ಕಂದೀಲು ಸ್ಥಿರ. ನೆರಳನ್ನೂ ನೋಡು. ದೀಪ ನೆಲದ ಮೇಲಿದ್ದರೆ ಮೂಗಿನ ನೆರಳು ಹಣೆಯ ಕಡೆ ಏರಬೇಕು. ಒಂದೇ ದೀಪದ ಕೋಣೆಯಲ್ಲಿ ಗೋಡೆಗೆ ಎರಡು ನೆರಳು ಬಿದ್ದರೆ ಎಲ್ಲೋ ಲೈಟ್ ಅಡಗಿಸಿದ್ದಾರೆ ಅಂತಲೇ. ಒಂದು ಕಡೆ ಹಾಗಾಗಿದೆ, ಎಲ್ಲಿ ಅಂತ ನೀನೇ ಹಿಡಿ.

ಮನೆಯ ಗೋಡೆ ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿನದು, ತೂತು ತೂತಾಗಿ ಕಾಣುತ್ತದೆ. ಮಗಳನ್ನು ಕೊಟ್ಟ ಗುಲ್ಬರ್ಗದ ಮನೆಗೆ ಕಥೆ ಹೋದಾಗ ನೆಲ ಬೂದು ಬಣ್ಣದ ಶಹಾಬಾದ್ ಫರ್ಸಿ ಆಗುತ್ತದೆ, ಧೋತರದ ಅಂಚಿನ ಧೂಳು ಕೆಂಪಿನಿಂದ ಎರೆಮಣ್ಣಿನ ಕರಿಗೆ ತಿರುಗುತ್ತದೆ. ಊರಿನ ಹೆಸರು ತೆರೆಯ ಮೇಲೆ ಬರೆಯುವುದೇ ಬೇಕಿರಲಿಲ್ಲ. ಬಟ್ಟೆ ಹಳೆಯದು ಮಾಡಿದ್ದೂ ಚೆನ್ನಾಗಿದೆ. ಚಹಾ ನೀರಲ್ಲಿ ಇಡೀ ಅಂಗಿ ಅದ್ದಿ ಸಮನಾಗಿ ಮಾಸಿಸಿದರೆ ನಾಟಕದ ಬಟ್ಟೆಯಾಗುತ್ತದೆ. ನಿಜದ ಬಟ್ಟೆ ಮೊಣಕೈ, ಮೊಣಕಾಲು, ಹೆಗಲು, ಅಂಚು, ಈ ಕಡೆಗಳಲ್ಲೇ ಸವೆಯುತ್ತದೆ. ಹೆಣ್ಣುಮಕ್ಕಳ ಕುಪ್ಪಸಕ್ಕೆ ಮುಂದೆ ಗಂಟು ಹಾಕಿದ್ದಾರೆ, ಬೆನ್ನಿಗೆ ಹುಕ್ ಇಟ್ಟಿಲ್ಲ.

ಹೊಲದಲ್ಲಿ ಮಾತ್ರ ಎಡವಿದ್ದಾರೆ. ಮೆರವಣಿಗೆ ಹೋಗುವ ದಾರಿಯ ಹಿಂದೆ ಸೂರ್ಯಕಾಂತಿ ಹೊಲ ಹಳದಿಯಾಗಿ ಮಿಂಚುತ್ತದೆ. ನಮ್ಮ ಕಡೆ ಅದು ಬೆಳೆಯಾಗಿ ಬಂದಿದ್ದು 1970ರ ಆಸುಪಾಸಿನಿಂದ ಈಚೆಗೆ. ದಾರಿ ಬದಿಯ ಕಾಂಗ್ರೆಸ್ ಕಸವೂ ಹಾಗೇ, ಪುಣೆಯ ಕಡೆ ಅದು ಮೊದಲು ಕಣ್ಣಿಗೆ ಬಿದ್ದದ್ದೇ 1950ರ ದಶಕದ ನಡುವೆ. ಜೋಳದ ಹೊಲ ಮಾತ್ರ ಸರಿ, ಆಳು ಮುಳುಗುವ ಎತ್ತರ. ಗಿಡ್ಡ ಹೈಬ್ರಿಡ್ ಜೋಳ 1964ರಿಂದ ಈಚಿನದು. ಅದರಲ್ಲಿ ಆ ಹುಡುಗ ಅಡಗಿ ಕೂತಿದ್ದರೆ ತಲೆ ಕಾಣುತ್ತಿತ್ತು, ಕಥೆ ಅಲ್ಲೇ ಮುಗಿಯುತ್ತಿತ್ತು.

ಇನ್ನು ಭಾಷೆ. ನನಗೆ ಹೆಚ್ಚು ಖುಷಿಯಾದದ್ದೂ ಇಲ್ಲೇ, ಸಿಟ್ಟು ಬಂದದ್ದೂ ಇಲ್ಲೇ. ಉತ್ತರ ಕರ್ನಾಟಕ ಅಂದರೆ ಪಿಕ್ಚರ್‌ನವರಿಗೆ ಧಾರವಾಡ ಒಂದೇ. ಅಲ್ಲಿ ‘ಮಾಡಾಕತ್ತೀನಿ’ ಅಂದರೆ ನಮ್ಮಲ್ಲಿ ‘ಮಾಡ್ಲತ್ತೀನಿ’. ಮುದುಕನ ಪಾತ್ರ ಮಾಡಿದವರು ಪ್ರತಿ ಮಾತಿನಲ್ಲೂ ‘ಲತ್ತೀನಿ’ಯನ್ನು ಸಲೀಸಾಗಿ ಆಡುತ್ತಾರೆ. ಸೊಸೆಯಾದವರು ಕೋಪದ ದೃಶ್ಯದಲ್ಲಿ ಹುಬ್ಬಳ್ಳಿಗೆ ಹೋಗಿಬಿಡುತ್ತಾರೆ, ಶಾಂತವಾದ ಮೇಲೆ ಬೀದರಿಗೆ ವಾಪಸ್. ಉರ್ದು ಮಾತ್ರ ಬಂಗಾರ. ಸಂತೆಯಲ್ಲಿ ದಖನಿ, ಅಂದರೆ ನಮ್ಮ ಕಡೆಯ ಆಡುಮಾತಿನ ಉರ್ದು, ಆಡುತ್ತಾರೆ: ‘ನಕ್ಕೋ’, ‘ಹೌ’, ‘ಕೈಕೂ’, ‘ಲೋಗಾಂ’, ‘ಬಾತಾಂ’. ಕಚೇರಿಯಲ್ಲಿ ರೂಮಿ ಟೋಪಿ ಹಾಕಿದ ತಹಸೀಲ್ದಾರ ಬರಹದ ಉರ್ದು ಆಡುತ್ತಾನೆ. ಬಿದರಿ ಕೆಲಸದವನು ಅದೇ ಕಚೇರಿಗೆ ಹೋದಾಗ ಮೊದಲ ಎರಡು ಮಾತು ತಹಸೀಲ್ದಾರನ ಉರ್ದುವಿನಲ್ಲಿ ಆಡಲು ಹೋಗಿ, ಮೂರನೆಯದಕ್ಕೆ ದಖನಿಗೆ ಜಾರಿ, ಕೊನೆಗೆ ಕನ್ನಡದಲ್ಲಿ ಗೊಣಗುತ್ತಾನೆ. ಹಾಲ್‌ನಲ್ಲಿ ಎಲ್ಲರೂ ನಕ್ಕರು. ಸಬ್‌ಟೈಟಲ್ ನೋಡುತ್ತ ಕೂತರೆ ಈ ನಗು ಸಿಗುವುದಿಲ್ಲ, ಅಲ್ಲಿ ಮೂರಕ್ಕೂ ಒಂದೇ ಇಂಗ್ಲಿಷು.

ಸಂತೆಯಲ್ಲಿ ಕೈಯಿಂದ ಕೈಗೆ ಹೋಗುವ ನಾಣ್ಯದ ಮೇಲೆ ಚಾರ್‌ಮಿನಾರ್ ಇರುತ್ತದೆ. ಅದು ಹಾಲಿ ಸಿಕ್ಕಾ, ಸಂಸ್ಥಾನದ ಸ್ವಂತ ರೂಪಾಯಿ. ಬಾಗಿಲ ಕಮಾನಿನೊಳಗೆ ಉರ್ದುವಿನ ‘ಐನ್’ ಅಕ್ಷರವಿದ್ದರೆ ಕೊನೆಯ ನಿಜಾಮ ಉಸ್ಮಾನ್ ಅಲಿ ಖಾನರ ಕಾಲದ್ದು. ಕ್ಲೋಸಪ್‌ನಲ್ಲಿ ಆ ಅಕ್ಷರವೂ ಇದೆ. ಬ್ರಿಟಿಷ್ ರೂಪಾಯಿಗೆ ‘ಕಲದಾರ’ ಅನ್ನುತ್ತಿದ್ದರು, 6 ಕಲದಾರಕ್ಕೆ ಸುಮಾರು 7 ಹಾಲಿ. ಸೊಲ್ಲಾಪುರದ ವ್ಯಾಪಾರಿ ‘ಏಳು ರೂಪಾಯಿ’ ಅಂದಾಗ ಮುದುಕ ‘ಯಾವುದು?’ ಅಂತ ಕೇಳುತ್ತಾನಲ್ಲ, ಇದಕ್ಕೆ.

ರೈಲಿನಲ್ಲಿ ದೊಡ್ಡ ತಪ್ಪು. ‘ಬೀದರಿನಲ್ಲಿ ಹತ್ತಿದರೆ ಸೀದಾ ಗುಲ್ಬರ್ಗ’ ಅನ್ನುತ್ತಾನೆ ಅಳಿಯ. ಆ ನೇರ ಹಳಿ ಪೂರ್ತಿಯಾಗಿ ತೆರೆದದ್ದು 2017ರಲ್ಲಿ! ಆಗ ರೈಲಿನಲ್ಲೇ ಬರುವುದಾದರೆ ವಿಕಾರಾಬಾದ್, ವಾಡಿ ಸುತ್ತಬೇಕು. ವಾಡಿಯಲ್ಲಿ ಗಾಡಿ ಬದಲಿಸುವ ರಾತ್ರಿಯೊಂದು ಕಥೆಗೆ ಬಿಟ್ಟಿ ಸಿಗುತ್ತಿತ್ತು, ಬಿಟ್ಟುಕೊಟ್ಟರು.

ಕೊನೆಯ ಭಾಗದಲ್ಲಿ ರೇಡಿಯೋ ಹಚ್ಚುತ್ತಾರೆ. ಗುಬಟು ತಿರುಗಿಸಿದ ಮೇಲೂ ದನಿ ಬರುವುದಿಲ್ಲ, ಹಾಲ್‌ನಲ್ಲಿ ಯಾರೋ ‘ಸೌಂಡ್ ಹೋಯ್ತು’ ಅಂತ ಕೂಗಿದರು. ವಾಲ್ವ್ ರೇಡಿಯೋ ಒಳಗೆ ಕಾದು ಬಿಸಿಯಾಗುವವರೆಗೆ ಮೂಕ. ಆ ಅರ್ಧ ನಿಮಿಷ ಕ್ಯಾಮರಾ ಒಬ್ಬೊಬ್ಬರ ಮುಖದ ಮೇಲೆ ಹೋಗುತ್ತದೆ. ಸುದ್ದಿ ಬರುವ ಮುಂಚೆಯೇ ಯಾರಿಗೆ ಏನು ಬೇಕಿತ್ತು ಅನ್ನುವುದು ನಮಗೆ ಗೊತ್ತಾಗಿರುತ್ತದೆ.

ಟಿಕೆಟ್ ತೆಗೆಯುವಾಗ ಪರದೆಯಿಂದ ಹಿಂದಕ್ಕೆ ಮೂರರಲ್ಲಿ ಎರಡು ಪಾಲು ದೂರ, ನಡು ಸಾಲಿನ ನಡು ಸೀಟು ನೋಡಿ ತೆಗೆ. ಸದ್ದು ಹೊಂದಿಸುವುದು ಹೆಚ್ಚಾಗಿ ಆ ಜಾಗಕ್ಕೇ. ರೊಟ್ಟಿ ಬಡಿಯುವ ಸದ್ದು ಅಲ್ಲಿಂದ ಸರಿಯಾಗಿ ಕೇಳುತ್ತದೆ: ಹಿಟ್ಟು ದಪ್ಪಗಿದ್ದಾಗ ಮೆತ್ತಗೆ, ತೆಳ್ಳಗಾಗುತ್ತ ಹೋದಂತೆ ಚಟಚಟ. ಮುಂದೆ ಮನೆಯಲ್ಲಿ ಟಿವಿಯಲ್ಲಿ ನೋಡುವಾಗ ಸೆಟ್ಟಿಂಗ್‌ನೊಳಗೆ ಹೋಗಿ ಮೋಷನ್ ಸ್ಮೂದಿಂಗ್ ಬಂದ್ ಮಾಡು. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ತೆಗೆದದ್ದಕ್ಕೆ ಟಿವಿ ತನ್ನ ಕಡೆಯಿಂದ ಫ್ರೇಮ್ ಸೇರಿಸಿದರೆ ಇಷ್ಟೆಲ್ಲ ಕಷ್ಟಪಟ್ಟದ್ದು ಸಂಜೆಯ ಸೀರಿಯಲ್‌ನಂತೆ ಕಾಣುತ್ತದೆ.

ಇನ್ನೊಂದು. ಕೆತ್ತನೆಯ ದೃಶ್ಯದಲ್ಲಿ ಮುಖ ಒಂದು ಶಾಟ್, ಕೈ ಇನ್ನೊಂದು ಶಾಟ್. ಕೈ ಬೇರೆ ಯಾರದೋ ನಿಜವಾದ ಕೆಲಸಗಾರನದು ಅಂತ ಗೊತ್ತಾಗುತ್ತದೆ, ಅದು ತಪ್ಪಲ್ಲ. ಆದರೆ ಮಣ್ಣು ಉಜ್ಜಿ ಕಪ್ಪು ಬರುವ ಹೊತ್ತಿಗೆ ಕ್ಯಾಮರಾ ಕೈಯಿಂದ ಮೇಲಕ್ಕೆ ಮುಖದವರೆಗೆ ಕಟ್ ಇಲ್ಲದೆ ಏರುತ್ತದೆ, ಮತ್ತೆ ಕೈಗೇ ಇಳಿಯುತ್ತದೆ. ಅಲ್ಲಿ ಕೈ ಯಾರದು ಅಂತ ನೋಡಿ ಫೋನ್ ಮಾಡು.

ನಿನ್ನ
ಅಪ್ಪ