ಮಗಳಿಗೊಂದು ಪತ್ರ: ನನಗೆ ನೆನಪಿಲ್ಲದ ಆ ರಾತ್ರಿ

ಪ್ರೀತಿಯ ಪುಟ್ಟಿ,

ಕುಡಿತದಿಂದ ನನ್ನ ಯಕೃತ್ತು ಕಲೆಗಟ್ಟಿ ಕೆಡತೊಡಗಿದೆ, ಸಿರೋಸಿಸ್ ಆರಂಭವಾಗಿದೆಯೆಂದು ಸೋಮವಾರ ವೈದ್ಯರು ತಿಳಿಸಿದರು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಹೋದ ವಾರದ ಮಾತು ಜಗಳದಲ್ಲಿ ನಿಂತಿತ್ತಲ್ಲ. ಇಷ್ಟು ವರ್ಷ ನೋವೆಂಬುದೇ ಇರಲಿಲ್ಲವಾದ್ದರಿಂದ ನಾನು ಗಟ್ಟಿಯಾಗಿಯೇ ಇದ್ದೇನೆಂದು ನಂಬಿದ್ದೆ.

“ಆ ರಾತ್ರಿ ಏನು ಮಾಡಿದೆಯೆಂದು ನಿನಗೆ ನೆನಪೇ ಇಲ್ಲವೇ ಅಪ್ಪ?” ಎಂದು ನೀನು ಕೇಳಿದೆ. ನನ್ನ ಮೌನವನ್ನು ನಟನೆಯೆಂದುಕೊಂಡೆ. ನಿಜಕ್ಕೂ ನೆನಪಿಲ್ಲ, ಪುಟ್ಟಿ. ರಕ್ತದಲ್ಲಿ ಮದ್ಯ ಬೇಗಬೇಗನೆ ಏರಿದಾಗ, ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ತನ್ನ ಕೆಲಸ ನಿಲ್ಲಿಸಿಬಿಡುತ್ತದೆ. ಕುಡಿದವನು ನಡೆಯುತ್ತಾನೆ, ಮಾತನಾಡುತ್ತಾನೆ, ಕೂಗಾಡುತ್ತಾನೆ, ಆದರೆ ಅದ್ಯಾವುದೂ ಅವನೊಳಗೆ ಉಳಿಯುವುದಿಲ್ಲ. ತಪ್ಪಿನಿಂದ ಜಾರಿಕೊಳ್ಳಲು ಇದನ್ನು ಹೇಳುತ್ತಿಲ್ಲ. ನನ್ನ ಬಳಿ ಇರುವುದು ಮರುದಿನದ ಬೆಳಗು ಮಾತ್ರ. ನೀನು ನೆಲದ ಮೇಲೆ ಕುಳಿತು, ಸೊಟ್ಟಗಾದ ಜಾಮಿಟ್ರಿ ಬಾಕ್ಸಿನ ಮುಚ್ಚಳವನ್ನು ಎರಡೂ ಹೆಬ್ಬೆರಳುಗಳಿಂದ ಒತ್ತಿ ಒತ್ತಿ ಮುಚ್ಚಲು ನೋಡುತ್ತಿದ್ದೆ. ಅದು ಹೇಗೆ ಸೊಟ್ಟಗಾಯಿತೆಂದು ನಾನೇ ಕೇಳಿದೆ. ನೀನು ಒಮ್ಮೆ ನನ್ನ ಮುಖ ನೋಡಿ, ಮತ್ತೆ ಮುಚ್ಚಳ ಒತ್ತತೊಡಗಿದೆ. ಆ ನೋಟ ಈಗಲೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ.

ಈಗ ನೀನೂ ವಾರಕ್ಕೊಮ್ಮೆ ಗೆಳತಿಯರೊಡನೆ ಕುಡಿಯುವುದಾಗಿ ಹೇಳಿದೆ. ಸ್ವಂತ ದುಡಿಮೆಯಲ್ಲಿ ನಿಂತಿರುವ ನಿನ್ನ ಬಗ್ಗೆ ನನಗಿರುವ ಹೆಮ್ಮೆ ಅಷ್ಟಿಷ್ಟಲ್ಲ, ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲವೆಂಬುದೂ ಗೊತ್ತು. ಆದರೂ ಕೇಳು. ಹೆಣ್ಣಿನ ದೇಹದಲ್ಲಿ ನೀರಿನಂಶ ಕಡಿಮೆಯಿರುವುದರಿಂದ, ಗಂಡಸು ಕುಡಿದಷ್ಟೇ ಕುಡಿದರೂ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚಾಗುತ್ತದೆ. ಯಕೃತ್ತು ತನ್ನ ವೇಗದಲ್ಲೇ ಅದನ್ನು ಕರಗಿಸಬೇಕು. ಕಾಫಿಯಾಗಲಿ ತಣ್ಣೀರ ಸ್ನಾನವಾಗಲಿ ಆ ಕೆಲಸವನ್ನು ಬೇಗ ಮುಗಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಎಂದರೆ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿಗೆ, ಸೇರಿಸಿದೆ. ಸ್ತನ ಕ್ಯಾನ್ಸರಿನ ಅಪಾಯವಂತೂ ಅಲ್ಪ ಪ್ರಮಾಣದಿಂದಲೇ ಏರತೊಡಗುತ್ತದೆ. ಕುಡಿದರೆ ನಿದ್ದೆ ಬರುತ್ತದೆಂದೆಯಲ್ಲ, ಬೇಗ ಬರುವುದು ನಿಜ, ಆದರೆ ನಡುರಾತ್ರಿಯ ನಂತರ ಒಡೆದುಹೋಗುತ್ತದೆ, ಬೆಳಗಾಗುವಾಗ ಕಾರಣವಿಲ್ಲದ ಕಳವಳವೊಂದು ಎದೆಯಲ್ಲಿ ಕೂತಿರುತ್ತದೆ. ಅದನ್ನು ಕಳೆಯಲೆಂದೇ ನಾನು ಮತ್ತೆ ಮತ್ತೆ ಕುಡಿದೆ.

ನೋಡು, ಉಪದೇಶ ಮಾಡಬಾರದೆಂದುಕೊಂಡೇ ಬರೆಯಲು ಕುಳಿತಿದ್ದೆ.

ಕುಡಿತ ನಿಲ್ಲಿಸಿ ಮೂರು ದಿನವಾಯಿತು. ನನ್ನಷ್ಟು ಕಾಲ ಕುಡಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರುವ ಅಪಾಯವಿರುವುದರಿಂದ ವೈದ್ಯರು ಆಸ್ಪತ್ರೆಯಲ್ಲೇ ಇರಿಸಿಕೊಂಡು ಔಷಧ ಕೊಡುತ್ತಿದ್ದಾರೆ. ಕೈ ನಡುಗುವುದರಿಂದ ಅಕ್ಷರ ಹೀಗಿದೆ, ಹೆದರಬೇಡ. ನಿನಗೆ ಸಾಧ್ಯವಾದಾಗ, ಆ ರಾತ್ರಿ ನಾನು ಏನು ಮಾಡಿದೆನೆಂದು ಒಂದನ್ನೂ ಬಿಡದೆ ಬರೆದು ತಿಳಿಸು. ಗೊತ್ತಿಲ್ಲದ ತಪ್ಪಿಗೆ ಕ್ಷಮೆ ಕೇಳಿದರೆ ಅದು ನಿನ್ನನ್ನು ಮುಟ್ಟುವುದಿಲ್ಲ.

ನಿನ್ನ ಅಪ್ಪ